ಮುಂದೇನ್ರಿ, ಡಾಕ್ಟರ್ ಸಾಹೇಬ್ರ?

ಹಳ್ಳಿಗೆ ಡಾಕ್ಟರಿಲ್ಲ, ಡಾಕ್ಟರಿಗೆ ನೆಲೆಯಿಲ್ಲ. ವಿಜಯಪುರದ ಇಬ್ರಾಹಿಂಪುರದಿಂದ ತಿಕೋಟಾ, ಬಬಲೇಶ್ವರದವರೆಗೆ ಯುವ ವೈದ್ಯರ ಪಾಡು

ವಿಜಯಪುರದ ಇಬ್ರಾಹಿಂಪುರದಂಥ ಬಡಾವಣೆಯಲ್ಲಿ ಮನೆಯ ಮಗನೋ ಮಗಳೋ ಡಾಕ್ಟರಾದರೆ ಸುದ್ದಿ ಮುಚ್ಚಿಡಲು ಬರುವುದಿಲ್ಲ. ರೇಲ್ವೆ ಸ್ಟೇಷನ್ ಕಡೆಯ ದಾರಿಯಲ್ಲಿ ಫ್ಲೆಕ್ಸ್ ಏಳುತ್ತದೆ. ಬಿಳಿ ಕೋಟು, ಕೊರಳಲ್ಲಿ ಸ್ಟೆತಾಸ್ಕೋಪು, ಹೆಸರಿನ ಹಿಂದೆ ಹೊಸದಾಗಿ ಬಂದು ಕೂತ 'ಡಾ.'. ಕೆಳಗೆ ಶುಭ ಕೋರುವವರ ಸಾಲಿನಲ್ಲಿ ಸೋದರಮಾವ, ಕಾಕಾ, ಓಣಿಯ ಹುಡುಗರು. ಪೇಢೆ ಹಂಚಿದ್ದೂ ಆಗುತ್ತದೆ. ಆರು ತಿಂಗಳಾದ ಮೇಲೂ ಹುಡುಗ ಊರಲ್ಲೇ ಓಡಾಡಿಕೊಂಡಿದ್ದರೆ ಕಟ್ಟೆಯ ಮೇಲೆ ಕೂತ ಹಿರಿಯರು ಕೇಳಿಯೇ ಕೇಳುತ್ತಾರೆ: "ಮುಂದೇನ್ರಿ, ಡಾಕ್ಟರ್ ಸಾಹೇಬ್ರ?"

ಆ ಪ್ರಶ್ನೆಯಲ್ಲಿ ಕುಹಕವಿಲ್ಲ. ಎಂಬಿಬಿಎಸ್ ಮುಗಿಸಿದವರಿಗೆ ಮುಂದೆ ಇನ್ನೇನೋ ಇರಲೇಬೇಕು ಎನ್ನುವುದು ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ಹೌಸ್ ಸರ್ಜನ್ ಆಗಿ ದುಡಿದು, ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಕಾನೂನಿನ ಕಣ್ಣಲ್ಲಿ ಪೂರ್ಣ ವೈದ್ಯರಾದವರನ್ನು ಬೀಗರ ಮನೆಯವರೂ ಅಳೆಯುವುದು "ಎಂಡಿ ಆಗೇದ ಏನ್ರಿ?" ಎಂದೇ.

ಯುವ ವೈದ್ಯರು ಹಳ್ಳಿಗೆ ಹೋಗುವುದಿಲ್ಲ ಎಂದು ಮಂತ್ರಿಗಳು ದೂರುತ್ತಾರೆ, ಪತ್ರಿಕೆಗಳು ದೂರುತ್ತವೆ, ನಾವೂ ದೂರುತ್ತೇವೆ. ಹೋದವರು ನಿಲ್ಲುವಂಥ ಜಾಗ ಕಟ್ಟಿದ್ದೇವೆಯೇ ಎಂದು ಕೇಳುವವರು ಕಡಿಮೆ. ಎಂಬಿಬಿಎಸ್ ಪದವಿಯನ್ನೇ ನಾವು ಒಂದು ವೇಟಿಂಗ್ ರೂಮ್ ಮಾಡಿಟ್ಟಿದ್ದೇವೆ. ಒಳಗೆ ಬರಲು ಹೊಲ ಮಾರಬೇಕು. ಹೊರಗೆ ಹೋಗುವ ಗಾಡಿ ಯಾವಾಗ ಬರುತ್ತದೆಂದು ಯಾರೂ ಹೇಳುವುದಿಲ್ಲ.

ಎರಡು ಕಾಲೇಜು, ಎರಡೂ ಖಾಸಗಿ

ವೈದ್ಯಕೀಯದ ಮಟ್ಟಿಗೆ ವಿಜಯಪುರ ಏನೂ ಇಲ್ಲದ ಊರಲ್ಲ. 1589ರಲ್ಲಿ ಆದಿಲ್‌ಶಾಹಿ ದರ್ಬಾರಿಗೆ ಬಂದ ಚರಿತ್ರಕಾರ ಫೆರಿಷ್ತಾ ಇತಿಹಾಸದ ಜೊತೆಗೆ ಇಲ್ಲಿಯ ದೇಶೀ ವೈದ್ಯದ ಮೇಲೂ ಒಂದು ಗ್ರಂಥ ಬರೆದ. ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರ ಕಾಲದ ಬಿಎಲ್‌ಡಿಇ ಸಂಸ್ಥೆಗೆ 1910ರಿಂದ ಇತಿಹಾಸವಿದೆ. ಅಲ್-ಅಮೀನ್ ವೈದ್ಯಕೀಯ ಕಾಲೇಜು 1984ರಲ್ಲಿ, ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು 1986ರಲ್ಲಿ ಶುರುವಾದವು. ಎರಡರ ಆಸ್ಪತ್ರೆಗಳೂ ಜಿಲ್ಲೆಯ ಬಡವರ ಭಾರ ಹೊತ್ತಿವೆ.

ಆದರೆ 2011ರ ಜನಗಣತಿಯಲ್ಲೇ 21.77 ಲಕ್ಷ ಜನರಿದ್ದ ಈ ಜಿಲ್ಲೆಗೆ 2025ರವರೆಗೂ ಒಂದು ಸರ್ಕಾರಿ ವೈದ್ಯಕೀಯ ಕಾಲೇಜು ಬರಲಿಲ್ಲ. ಇದಕ್ಕಿಂತ ಸಣ್ಣ ಜಿಲ್ಲೆಗಳಾದ ಗದಗ, ಕೊಪ್ಪಳಗಳಿಗೆ ಎಂದೋ ಬಂತು. ಖಾಸಗಿ ಸಹಭಾಗಿತ್ವದಲ್ಲಿ ಕಾಲೇಜು ಕಟ್ಟುವ ಪ್ರಸ್ತಾವ ಎದ್ದಾಗ 2025ರಲ್ಲಿ ಊರಿನ ಜನ 'ಪಿಪಿಪಿ ಬೇಡ, ಪೂರ್ತಿ ಸರ್ಕಾರಿ ಕಾಲೇಜೇ ಬೇಕು' ಎಂದು ತಿಂಗಳುಗಟ್ಟಲೆ ಧರಣಿ ಕೂತರು. ಅದನ್ನು ಬರೀ ರಾಜಕೀಯ ಎಂದು ತಳ್ಳಿಹಾಕುವವರು ಶುಲ್ಕದ ಪಟ್ಟಿಯನ್ನೊಮ್ಮೆ ನೋಡಬೇಕು. ಸರ್ಕಾರಿ ಕಾಲೇಜಿನಲ್ಲಿ ವರ್ಷದ ಫೀ ಸಾವಿರಗಳಲ್ಲಿ ಮುಗಿಯುತ್ತದೆ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದಲ್ಲಿ ಲಕ್ಷ ದಾಟುತ್ತದೆ. ಖಾಸಗಿ ಕೋಟಾ, ಮ್ಯಾನೇಜ್‌ಮೆಂಟ್ ಕೋಟಾ, ಡೀಮ್ಡ್ ವಿಶ್ವವಿದ್ಯಾಲಯ ಎಂದರೆ ವರ್ಷಕ್ಕೆ ಹತ್ತು ಲಕ್ಷದಿಂದ ಮೇಲೆ ಎಲ್ಲಿಗೆ ಬೇಕಾದರೂ ಹೋಗಬಹುದು.

ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರನ ಮನೆಯಲ್ಲಿ ಕೂತು ಈ ಲೆಕ್ಕ ಹಾಕಿ. ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡ ಕಾಲ ಅವನಿಗೆ ಮರೆತಿಲ್ಲ. ಒಣದ್ರಾಕ್ಷಿ ಶೆಡ್ಡಿನಲ್ಲಿ ಮಣಿ ಒಣಗುವ ಹೊತ್ತಿಗೆ ಒಂದು ಅಕಾಲಿಕ ಮಳೆ ಬಿದ್ದರೆ ವರ್ಷದ ದುಡಿಮೆ ಕೈಬಿಟ್ಟು ಹೋಗುತ್ತದೆ. ಅಂಥವನು ಮಗಳ ಸೀಟಿಗಾಗಿ ಬ್ಯಾಂಕಿಗೆ ಹೊಲ ಬರೆದುಕೊಡುತ್ತಾನೆ. ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಶುರುವಾಗುವುದು ಕೋರ್ಸ್ ಮುಗಿದ ವರ್ಷದ ನಂತರ. ಸರಿಯಾಗಿ ಅದೇ ಹೊತ್ತಿಗೆ ಮಗಳು ಕೆಲಸ ಬಿಟ್ಟು ಪಿಜಿ ಪರೀಕ್ಷೆಗೆ ಓದುತ್ತ ಮನೆಯಲ್ಲಿರುತ್ತಾಳೆ. ಅಪ್ಪ ಕಂತು ಕಟ್ಟುತ್ತಾನೆ, ಮಗಳು ಆ ವಿಷಯ ಎತ್ತದೆ ಓದುತ್ತಾಳೆ.

ಅಷ್ಟು ಹಣವಿಲ್ಲದವರ ಇನ್ನೊಂದು ದಾರಿ ವಿದೇಶ. ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಷೆಲ್ ದಾಳಿಗೆ ಬಲಿಯಾದಾಗ ಇಡೀ ನಾಡಿಗೆ ಆ ದಾರಿ ಕಂಡಿತು. ಪಿಯುಸಿಯಲ್ಲಿ ಶೇ 97 ತೆಗೆದ ಮಗನಿಗೆ ಇಲ್ಲಿ ಕೈಗೆಟುಕುವ ಸೀಟು ಸಿಗಲಿಲ್ಲ ಎಂದು ತಂದೆ ಅಂದೇ ಹೇಳಿದ್ದರು. ಮನೆಯವರು ಅವನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಹಾಗೆ ಹೋಗಿ ಬದುಕಿ ಬಂದವರಿಗೂ ಇಲ್ಲಿ ವೈದ್ಯವೃತ್ತಿಗೆ ಮೊದಲು ಎಫ್‌ಎಂಜಿಇ ಪರೀಕ್ಷೆ ಕಾದಿರುತ್ತದೆ. ಅದರಲ್ಲಿ ಪಾಸಾಗುವವರು ಹೆಚ್ಚಿನ ಸಲ ನೂರಕ್ಕೆ ಮೂವತ್ತೂ ದಾಟುವುದಿಲ್ಲ.

ಆಂಪ್ಯೂಲ್ ಒಡೆಯುವ ರಾತ್ರಿ

ಸೀಟಿನ ಕಥೆ ಎಲ್ಲರೂ ಬರೆಯುತ್ತಾರೆ. ಒಳಗೆ ಹೋದ ಮೇಲಿನದು ಅಷ್ಟು ಕಾಣುವುದಿಲ್ಲ.

ದ್ರಾಕ್ಷಿ, ದಾಳಿಂಬೆ, ಹತ್ತಿ ಬೆಳೆಯುವ ಸೀಮೆಯ ಯಾವುದೇ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ರಾತ್ರಿ ಬರುವ ಒಂದು ಕೇಸು ನೋಡಿ. ಹಿಂದೆ ಬಂದವರು ಹೇಳುವುದು ಎರಡೇ ಮಾತು: "ಎಣ್ಣಿ ತಗೊಂಡಾನ್ರಿ." ಬೆಳೆಗೆ ಹೊಡೆಯುವ ಔಷಧಿಗೆ ಈ ಕಡೆ ಎಣ್ಣಿ ಎಂದೇ ಹೆಸರು. ಬಾಯಲ್ಲಿ ನೊರೆ, ಎದೆಯಲ್ಲಿ ಗೊರಗೊರ ಸದ್ದು, ಕಣ್ಣಪಾಪೆ ಸಾಸಿವೆಯಷ್ಟು. ಹೊಟ್ಟೆ ತೊಳೆಯಲು, ಬಟ್ಟೆ ಬಿಚ್ಚಿ ಮೈ ಒರೆಸಲು, ನಾಳ ಹಿಡಿದು ಸಲೈನ್ ಹಚ್ಚಲು ಮೊದಲು ಓಡುವವರು ಹೌಸ್ ಸರ್ಜನ್ ಮತ್ತು ಸ್ಟಾಫ್ ನರ್ಸ್. ಆಮೇಲೆ ಅಟ್ರೋಪಿನ್. ಒಂದು ಆಂಪ್ಯೂಲಿನಲ್ಲಿ ಇರುವುದು 0.6 ಮಿಲಿಗ್ರಾಂ. ಮೂರರಿಂದ ಐದು ಆಂಪ್ಯೂಲಿನಿಂದ ಶುರು ಮಾಡಿ, ಎದೆ ತಿಳಿಯಾಗದಿದ್ದರೆ ಐದೈದು ನಿಮಿಷಕ್ಕೆ ದುಪ್ಪಟ್ಟು ಮಾಡುತ್ತ ಹೋಗಬೇಕು: ಆರು, ಹನ್ನೆರಡು, ಇಪ್ಪತ್ತನಾಲ್ಕು. ಒಬ್ಬರು ಸ್ಟೆತಾಸ್ಕೋಪು ಎದೆಗಿಟ್ಟು ಕೇಳುತ್ತಿರಬೇಕು, ಇನ್ನೊಬ್ಬರು ಆ ಪುಟ್ಟ ಗಾಜಿನ ಕತ್ತುಗಳನ್ನು ಮುರಿಯುತ್ತಲೇ ಇರಬೇಕು. ಬೆಳಗ್ಗೆ ಹೌಸ್ ಸರ್ಜನ್‌ನ ಹೆಬ್ಬೆರಳು, ತೋರುಬೆರಳಿನ ತುದಿಯಲ್ಲಿ ಗಾಜು ಕೊಯ್ದ ಸಣ್ಣ ಗೆರೆಗಳಿರುತ್ತವೆ. ವೆಂಟಿಲೇಟರ್ ಖಾಲಿಯಿಲ್ಲದಿದ್ದರೆ ಆಂಬು ಬ್ಯಾಗ್ ಒತ್ತುತ್ತ ಕೂರುವ ಕೆಲಸವೂ ಅವರದೇ; ಕೈ ಸೋತರೆ ರೋಗಿಯ ತಮ್ಮನಿಗೆ ಒತ್ತುವುದು ಹೇಗೆಂದು ಕಲಿಸುವುದೂ ಅವರದೇ.

ಈ ನಡುವೆ ಪೊಲೀಸ್ ಕೇಸಿಗೆ ಬೇಕಾದ ವೈದ್ಯಕೀಯ ದಾಖಲೆ, ಅಂದರೆ ಎಂಎಲ್‌ಸಿ ಬರೆಯಬೇಕು, ಪೊಲೀಸ್ ಠಾಣೆಗೆ ಸೂಚನೆ ಹೋಗಬೇಕು, ಕೇಸ್ ಶೀಟ್ ತುಂಬಬೇಕು, ರಕ್ತದ ಸ್ಯಾಂಪಲ್ ಲ್ಯಾಬಿಗೆ ಮುಟ್ಟಬೇಕು. ವಾರ್ಡ್ ಬಾಯ್ ಇಲ್ಲದಿದ್ದರೆ ಟ್ರಾಲಿಯನ್ನು ತಾವೇ ತಳ್ಳಬೇಕು. ಬೆಳಗಿನ ರೌಂಡ್ಸ್ ಹೊತ್ತಿಗೆ ಎಲ್ಲ ಹಾಸಿಗೆಯ ಲೆಕ್ಕ ಒಪ್ಪಿಸಬೇಕು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕಾಗದಗಳನ್ನು ಹೊಂದಿಸಬೇಕು. ಹೌಸ್ ಸರ್ಜನ್ ಹುಡುಗಿಯಾಗಿದ್ದರೆ, ಹನ್ನೆರಡು ತಾಸು ನಿಂತೇ ದುಡಿದ ಮೇಲೂ ಹಾಸಿಗೆ ಪಕ್ಕದ ಅಜ್ಜಿ ಕೇಳುತ್ತಾಳೆ: "ಸಿಸ್ಟರ್, ಡಾಕ್ಟರ್ ಯಾವಾಗ ಬರ್ತಾರ್ರಿ?"

ಇದಕ್ಕೆ ಸಿಗುವ ಸ್ಟೈಪೆಂಡ್ ಎಷ್ಟು? ಕರ್ನಾಟಕದ ಸರ್ಕಾರಿ ಕಾಲೇಜುಗಳಲ್ಲಿ ಹೌಸ್ ಸರ್ಜನ್‌ಗಳಿಗೆ ತಿಂಗಳಿಗೆ 20,000 ರೂಪಾಯಿ ಇದ್ದದ್ದು ಕೋವಿಡ್ ಕಾಲದ ಮುಷ್ಕರದ ಬಿಸಿಯಲ್ಲಿ, 2020ರಲ್ಲಿ, 30,000ಕ್ಕೆ ಏರಿತು. 2024ರ ಆಗಸ್ಟ್‌ನಲ್ಲಿ ರಾಜ್ಯದ ನಿವಾಸಿ ವೈದ್ಯರು ಮತ್ತೆ ಬೀದಿಗಿಳಿದರು. ದೇಶದ ಹಲವು ಖಾಸಗಿ ಕಾಲೇಜುಗಳಲ್ಲಿ ಈ ಹಣವೇ ಪೂರ್ತಿ ಸಿಗುವುದಿಲ್ಲ ಎಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಲಕ್ಷಗಟ್ಟಲೆ ಫೀ ಪಡೆದು, ಕೊನೆಯ ವರ್ಷ ಆಸ್ಪತ್ರೆಯನ್ನೇ ನಡೆಸುವ ಕೈಗಳಿಗೆ ಕೂಲಿ ಕೊಡುವಾಗ ಮಾತ್ರ 'ಇದು ತರಬೇತಿ' ಎನ್ನುವುದನ್ನು ನಾನು ನ್ಯಾಯ ಎಂದು ಕರೆಯಲಾರೆ.

ಕೆಲಸದ ಹೊತ್ತಿನ ವಿಷಯವೂ ಹಾಗೆಯೇ. ನಿವಾಸಿ ವೈದ್ಯರ ದುಡಿಮೆ ದಿನಕ್ಕೆ 12 ತಾಸು, ವಾರಕ್ಕೆ 48 ತಾಸು ಮೀರಬಾರದು ಎಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಶಿಫಾರಸು ಮಾಡಿದ್ದು ವಾರಕ್ಕೆ 74 ತಾಸಿನ ಮಿತಿ ಮತ್ತು ಒಂದು ರಜೆ. ಮೂವತ್ತೆರಡು ವರ್ಷದಲ್ಲಿ ಮಿತಿಯೇ 26 ತಾಸು ಮೇಲೆ ಹೋಯಿತು. ಅದನ್ನೂ ಒಂದು ಸುಧಾರಣೆ ಎಂದು ಸ್ವಾಗತಿಸುವ ಸ್ಥಿತಿಯಲ್ಲಿ ಪಿಜಿಗಳಿದ್ದಾರೆ. ಅದೇ ವರದಿಯ ಸಮೀಕ್ಷೆಯಲ್ಲಿ ಉತ್ತರಿಸಿದ ಎಂಬಿಬಿಎಸ್ ವಿದ್ಯಾರ್ಥಿಗಳ ಪೈಕಿ ಶೇ 16.2, ಸ್ನಾತಕೋತ್ತರದವರ ಪೈಕಿ ಶೇ 31.2 ಮಂದಿ ಆತ್ಮಹತ್ಯೆಯ ಯೋಚನೆ ಬಂದಿತ್ತೆಂದು ಹೇಳಿಕೊಂಡರು. ಎಣ್ಣಿ ತಗೊಂಡವರನ್ನು ರಾತ್ರಿಯಿಡೀ ಉಳಿಸುವವರ ಮಾತಿದು. ಇಂಥದ್ದನ್ನು ಸೀನಿಯರ್ ಮುಂದೆ ಬಾಯಿಬಿಟ್ಟರೆ 'ನಮ್ಮ ಕಾಲದಾಗ ಇದಕ್ಕಿಂತ ಜಾಸ್ತಿ ಇತ್ತು' ಎಂಬ ಉತ್ತರ ಸಿದ್ಧವಿರುತ್ತದೆ.

ಒಬ್ಬರೇ ಇರುವ ಪಿಎಚ್‌ಸಿ

ನಗರದಿಂದ ಅಥಣಿ ರಸ್ತೆ ಹಿಡಿದರೆ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ ತಿಕೋಟಾ. ನೈಋತ್ಯಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ಬಬಲೇಶ್ವರ. 2017ರ ಬಜೆಟ್ಟಿನಲ್ಲಿ ಘೋಷಣೆಯಾಗಿ ಮರುವರ್ಷ ಎರಡೂ ತಾಲ್ಲೂಕುಗಳಾದವು. ತಹಶೀಲ್ದಾರರ ಕುರ್ಚಿ ಹಾಕಿದಷ್ಟು ಬೇಗ ಅರಿವಳಿಕೆ ತಜ್ಞರನ್ನು ತಂದು ಕೂರಿಸಲು ಬರುವುದಿಲ್ಲ.

ಸರ್ಕಾರದ ಮಾನದಂಡದಲ್ಲಿ ಬಯಲುಸೀಮೆಯ ಮೂವತ್ತು ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿಗೆ ಒಬ್ಬ ವೈದ್ಯಾಧಿಕಾರಿ. ಎಂಬಿಬಿಎಸ್ ವೈದ್ಯರು ಬಾರದ ಕಡೆ ಗುತ್ತಿಗೆಯ ಆಯುಷ್ ವೈದ್ಯರೇ ಕೇಂದ್ರ ನಡೆಸುತ್ತಾರೆ. ಇಪ್ಪತ್ನಾಲ್ಕು–ಇಪ್ಪತ್ತೈದರ ವಯಸ್ಸಿನ ಹುಡುಗಿಯೊಬ್ಬಳು ಕಡ್ಡಾಯ ಸೇವೆಗೆ ಅಲ್ಲಿಗೆ ಬಂದಳೆನ್ನಿ. ಮೊನ್ನೆಯವರೆಗೆ ಸುತ್ತ ಪ್ರೊಫೆಸರ್, ಪಿಜಿ, ಸೀನಿಯರ್ ಎಲ್ಲ ಇದ್ದರು. ಈಗ ಸಹಿ ಹಾಕುವವಳು ತಾನೊಬ್ಬಳೇ.

ಸಂಜೆ ಏಳಕ್ಕೆ ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಒಬ್ಬನನ್ನು ತರುತ್ತಾರೆ. "ಹಾವ ಕಡದೈತ್ರಿ ಮೇಡಂ." ಯಾವ ಹಾವೆಂದು ಯಾರೂ ನೋಡಿಲ್ಲ. ಪುಸ್ತಕದ ಪ್ರಕಾರ ಎರಡು ಎಂಎಲ್ ರಕ್ತವನ್ನು ಒಣಗಿದ, ಶುಚಿಯಾದ ಗಾಜಿನ ಟ್ಯೂಬಿನಲ್ಲಿ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಡಬೇಕು. ಆಮೇಲೆ ಬಗ್ಗಿಸಿದಾಗ ಹೆಪ್ಪುಗಟ್ಟದೆ ಹರಿದರೆ ವಿಷ ರಕ್ತಕ್ಕೆ ಸೇರಿದೆ. ಪ್ಲಾಸ್ಟಿಕ್ ಟ್ಯೂಬು ಆಗದು, ತೊಳೆದ ಟ್ಯೂಬೂ ನಂಬಿಕೆಗೆ ಬಾರದು. ಆ ಇಪ್ಪತ್ತು ನಿಮಿಷ ಹೊರಗೆ ಕೂಡಿದ ಮೂವತ್ತು ಜನ "ಸೂಜಿ ಮಾಡ್ರಿ, ಸುಮ್ನ ಯಾಕ ಕೂತೀರಿ?" ಎಂದು ಕೂಗುತ್ತಿರುತ್ತಾರೆ. ರಕ್ತ ಹರಿಯಿತು ಎನ್ನಿ. ಹತ್ತು ವಯಲ್ ಪ್ರತಿವಿಷ, ಅಂದರೆ ಎಎಸ್‌ವಿ ಕೊಡಬೇಕು. ಕೊಟ್ಟರೆ ಕೆಲವರಿಗೆ ಒಗ್ಗದೆ ಬಿಪಿ ಕುಸಿಯುತ್ತದೆ, ಉಸಿರು ಕಟ್ಟುತ್ತದೆ. ಅಡ್ರಿನಲಿನ್ ತುಂಬಿದ ಸಿರಿಂಜು ಕೈಯಲ್ಲೇ ಇರಬೇಕು. ಕೊಡದೆ ವಿಜಯಪುರಕ್ಕೆ ಕಳಿಸಿದರೆ ಅಷ್ಟು ದೂರದ ದಾರಿಯಲ್ಲಿ ವಿಷ ಏರುತ್ತದೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಮಾಡಿತು, ಪ್ರತಿ ಕೇಸೂ ವರದಿಯಾಗಬೇಕು. ಒಳ್ಳೆಯ ನಿರ್ಧಾರವೇ. ಆದರೆ ಆ ಸಂಜೆ ಕೊಡುವುದೋ ಕಳಿಸುವುದೋ ಎಂದು ತೀರ್ಮಾನಿಸುವವಳಿಗೆ ಪಕ್ಕದಲ್ಲಿ ಇನ್ನೊಬ್ಬ ಡಾಕ್ಟರ್ ಬೇಕಿತ್ತು.

'ರೆಫರ್ ಮಾಡಿ ಕೈತೊಳೆದುಕೊಳ್ಳುತ್ತಾರೆ' ಎಂಬ ಬೈಗುಳ ಹುಟ್ಟುವುದು ಇಂಥ ಕಡೆ. ಬೈಯುವವರದು ತಪ್ಪೆನ್ನಲಾರೆ, ಅವರ ಮನೆಯವರ ಜೀವದ ಪ್ರಶ್ನೆ ಅದು. ಆದರೆ ಜೊತೆಗೆ ಯಾರೂ ಇಲ್ಲದ, ರಕ್ತವೂ ಇಲ್ಲದ, ರಾತ್ರಿ ಕಾವಲುಗಾರನೂ ಇಲ್ಲದ ಕಟ್ಟಡದಲ್ಲಿ ಧೈರ್ಯ ಮಾಡಿ ಸೋತವಳಿಗೆ ಏನಾಗುತ್ತದೆಂದು ಅವಳು ಈಗಾಗಲೇ ವಾಟ್ಸಾಪ್ ಗ್ರೂಪಿನಲ್ಲಿ ನೋಡಿರುತ್ತಾಳೆ. ವೈದ್ಯರ ಮೇಲೆ ಕೈಮಾಡಿದರೆ ಶಿಕ್ಷೆ ಎನ್ನುವ ಕಾಯ್ದೆ ಕರ್ನಾಟಕದಲ್ಲಿ 2009ರಿಂದ ಇದೆ. ಆಸ್ಪತ್ರೆಗಳ ಗೋಡೆಯ ಮೇಲೆ ಅದರ ಬೋರ್ಡೂ ಇದೆ. 2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಯುವ ವೈದ್ಯೆಯ ಅತ್ಯಾಚಾರ, ಕೊಲೆ ಆದ ಮೇಲೆ ನೈಟ್ ಡ್ಯೂಟಿಯ ಮಾತು ಬಂದರೆ ಹೆಣ್ಣುಮಕ್ಕಳ ಮನೆಯವರು ಮೊದಲು ಕೇಳುವುದು ಡ್ಯೂಟಿ ರೂಮಿನ ಬಾಗಿಲಿಗೆ ಚಿಲಕ ಇದೆಯೇ ಎಂದು.

ರೋಗಿ ನೋಡುವುದಷ್ಟೇ ಕೆಲಸವಾಗಿದ್ದರೂ ಸರಿಯಿತ್ತು. ಕ್ಷಯಕ್ಕೊಂದು ಪೋರ್ಟಲ್, ಬಸುರಿ-ಬಾಣಂತಿಯರಿಗೊಂದು, ಬಿಪಿ-ಶುಗರಿಗೊಂದು. ಮಂಗಳವಾರ ಮೀಟಿಂಗ್, ಗುರುವಾರ ವಿಡಿಯೋ ಕಾನ್ಫರೆನ್ಸ್. ಜಾತ್ರೆ ಬಂದರೆ ನೀರಿನ ಪರೀಕ್ಷೆ, ಮಂತ್ರಿ ಬಂದರೆ ಕಾನ್ವಾಯ್ ಡ್ಯೂಟಿ. ಇನ್ನು ಕೋರ್ಟು. ಎಂಎಲ್‌ಸಿ ಬರೆದು, ಹೆಣದ ಪರೀಕ್ಷೆ ಮಾಡಿ ಸಹಿ ಹಾಕಿದವರಿಗೆ ವರ್ಷಗಳ ನಂತರ ಸಮನ್ಸ್ ಬರುತ್ತದೆ. ಆ ಹೊತ್ತಿಗೆ ಅವರು ಮಂಗಳೂರಿನಲ್ಲೋ ದಿಲ್ಲಿಯಲ್ಲೋ ಪಿಜಿ ಮಾಡುತ್ತಿರಬಹುದು. ರಜೆ ಹಾಕಿ, ರಾತ್ರಿ ಬಸ್ಸು ಹಿಡಿದು ಬಂದು ಸಾಕ್ಷಿ ಹೇಳಿ ಹೋಗಬೇಕು. ಈ ಪಾಠ ಐದೂವರೆ ವರ್ಷದಲ್ಲಿ ಯಾರೂ ಸರಿಯಾಗಿ ಹೇಳಿಕೊಟ್ಟಿರುವುದಿಲ್ಲ.

ಕಾಯ್ದೆ ಒಪ್ಪಿಕೊಂಡ ಸತ್ಯ

ಕಡ್ಡಾಯ ಸೇವೆಯ ಕಾಯ್ದೆಯನ್ನು ಕರ್ನಾಟಕ 2012ರಲ್ಲಿ ಮಾಡಿತು. ಒಂದು ವರ್ಷ ಸರ್ಕಾರ ಹೇಳಿದ ಕಡೆ ದುಡಿಯಬೇಕು, ತಪ್ಪಿದರೆ 15ರಿಂದ 30 ಲಕ್ಷ ರೂಪಾಯಿ ದಂಡ. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಹೈಕೋರ್ಟ್ 2019ರ ಆಗಸ್ಟ್‌ನಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ತೆರಿಗೆದಾರರ ಹಣದಲ್ಲಿ ಕಲಿತವರು ಒಂದು ವರ್ಷ ಜನರಿಗೆ ಕೊಡಲಿ ಎಂಬ ಮಾತಿನಲ್ಲಿ ತಪ್ಪು ಹುಡುಕಲಾರೆ. ಕೋಟಿ ಕೊಟ್ಟು ಖಾಸಗಿಯಲ್ಲಿ ಕಲಿತವರ ಮೇಲೂ ಅದೇ ನಿಯಮ ಹೇರಿದ್ದರ ಬಗ್ಗೆ ವಾದವಿದೆ, ಇರಲಿ.

ಕುತೂಹಲದ ಸಂಗತಿ ನಡೆದದ್ದು 2023ರಲ್ಲಿ. ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿತು: ಹುದ್ದೆ ಖಾಲಿ ಇದ್ದಷ್ಟು ಮಂದಿಯನ್ನು ಮಾತ್ರ ಕರೆಯುತ್ತೇವೆ, ಉಳಿದವರಿಗೆ ವಿನಾಯಿತಿ. ಕಾರಣ ಸರಳ. ಹೊರಬರುವ ವೈದ್ಯರು ಖಾಲಿ ಹುದ್ದೆಗಳಿಗಿಂತ ಹೆಚ್ಚು. ವೈದ್ಯರಿಲ್ಲ, ಅದಕ್ಕೇ ಕಡ್ಡಾಯ ಎಂದ ರಾಜ್ಯವೇ ಹತ್ತು ವರ್ಷ ಕಳೆದ ಮೇಲೆ ಬಂದವರನ್ನೆಲ್ಲ ಇಟ್ಟುಕೊಳ್ಳಲು ನಮ್ಮಲ್ಲಿ ಜಾಗವಿಲ್ಲ ಎಂದಿತು. ರಾಜ್ಯದಲ್ಲಿ ಈಗ ವರ್ಷಕ್ಕೆ ಹನ್ನೆರಡು ಸಾವಿರಕ್ಕೂ ಹೆಚ್ಚು ಎಂಬಿಬಿಎಸ್ ಸೀಟುಗಳಿವೆ. ಆ ವೇಗದಲ್ಲಿ ಮಂಜೂರಾದ ಹುದ್ದೆಗಳು ಬೆಳೆದಿಲ್ಲ, ಮೂವತ್ತು ಸಾವಿರಕ್ಕೆ ಒಬ್ಬರು ಎಂಬ ಹಳೆಯ ಲೆಕ್ಕವೂ ಬದಲಾಗಿಲ್ಲ. ಕೇಂದ್ರ ಸರ್ಕಾರ 2025ರಲ್ಲಿ ಸಂಸತ್ತಿಗೆ ಕೊಟ್ಟ ಲೆಕ್ಕದಲ್ಲಿ, ಆಯುಷ್ ವೈದ್ಯರನ್ನೂ ಸೇರಿಸಿ, ದೇಶದಲ್ಲಿ 811 ಜನಕ್ಕೆ ಒಬ್ಬ ವೈದ್ಯ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಲ್ಲಿ ಓಡಾಡುವ ಸಾವಿರಕ್ಕೊಬ್ಬರು ಎನ್ನುವ ಅಳತೆಯನ್ನೂ ಮೀರಿದ್ದೇವೆ. ಬಬಲೇಶ್ವರ ತಾಲ್ಲೂಕಿನ ರೈತ ಬೇನೆ ಬಿದ್ದ ಹೆಂಡತಿಯನ್ನು ಕರೆದುಕೊಂಡು ವಿಜಯಪುರಕ್ಕೆ, ಅಲ್ಲಿಂದ ಸೊಲ್ಲಾಪುರಕ್ಕೋ ಮಿರಜಿಗೋ ಹೋಗುವುದು ಮಾತ್ರ ತಪ್ಪಿಲ್ಲ. ಮಿರಜಿನ ಮಿಷನ್ ಆಸ್ಪತ್ರೆ 1894ರದು. ಈ ಕಡೆಯ ಜನ ಅಂದಿನಿಂದಲೂ ಆ ದಾರಿ ತುಳಿಯುತ್ತಿದ್ದಾರೆ.

ಕಡ್ಡಾಯ ಸೇವೆಗೆ ಕರೆ ಬಾರದೆ ಉಳಿದವರಿಗೆ ಗುತ್ತಿಗೆ ಕೆಲಸ. 2022ರ ಡಿಸೆಂಬರ್‌ನಲ್ಲಿ ನಗರಗಳ ಬಡಾವಣೆಗಳಿಗೆಂದು 438 'ನಮ್ಮ ಕ್ಲಿನಿಕ್'ಗಳ ಯೋಜನೆ ಬಂತು. ಮನೆ ಹತ್ತಿರ ಎಂಬಿಬಿಎಸ್ ವೈದ್ಯರು, ಔಷಧಿ, ರಕ್ತಪರೀಕ್ಷೆ, ಎಲ್ಲ ಪುಕ್ಕಟೆ. ಯೋಜನೆ ಚೆನ್ನಾಗಿದೆ, ವೈದ್ಯರ ಕುರ್ಚಿ ಮಾತ್ರ ಗುತ್ತಿಗೆಯದು. ಗುತ್ತಿಗೆ ಎಂಬಿಬಿಎಸ್ ವೈದ್ಯರ ಸಂಬಳ ಬಹುಕಾಲ 47,000 ರೂಪಾಯಿಯ ಒಳಗಿತ್ತು, 2025ರಲ್ಲಿ 60,000ದ ಮಟ್ಟಕ್ಕೆ ಬಂತು. ಸಂಬಳಕ್ಕಿಂತ ದೊಡ್ಡ ತೊಂದರೆ ಮಾರ್ಚಿನ ಆತಂಕ: ಮುಂದಿನ ವರ್ಷಕ್ಕೆ ನವೀಕರಣ ಆಗುತ್ತದೋ ಇಲ್ಲವೋ. ಹಾಗಾಗಿ ಅಲ್ಲಿ ಕೂತವರು ರೋಗಿಗಳ ನಡುವೆ ಬಿಡುವಾದಾಗ ಮೊಬೈಲ್ ತೆಗೆದು ಎಂಸಿಕ್ಯೂ ಬಿಡಿಸುತ್ತಾರೆ. ಬೈಯಬೇಡಿ, ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ.

ಇನ್ನೂರು ಪ್ರಶ್ನೆ, ಮೂರೂವರೆ ತಾಸು

ಎಲ್ಲ ದಾರಿಗಳೂ ಕೊನೆಗೆ ಬಂದು ಸೇರುವುದು ನೀಟ್-ಪಿಜಿಗೆ. 200 ಪ್ರಶ್ನೆ, ಮೂರೂವರೆ ತಾಸು, ಸರಿಯಾದರೆ ನಾಲ್ಕು ಅಂಕ, ತಪ್ಪಾದರೆ ಒಂದು ಕಳೆ. ಬರೆಯುವವರು ಎರಡು ಲಕ್ಷಕ್ಕೂ ಹೆಚ್ಚು. ಅಟ್ರೋಪಿನ್ ಡೋಸ್ ಎಷ್ಟೆಂದು ಅಲ್ಲಿ ಕೇಳಿಯಾರು. ಅದನ್ನು ರಾತ್ರಿಯಿಡೀ ಕೊಟ್ಟು ಒಬ್ಬನನ್ನು ಉಳಿಸಿದ್ದಕ್ಕೆ ಅಂಕವಿಲ್ಲ. ವಾರ್ಡಿಗೆ ಹೋಗದೆ ರೂಮಿನಲ್ಲಿ ಕೂತು ಆ್ಯಪ್‌ನ ಪ್ರಶ್ನೆಗಳನ್ನು ಮೂರು ಸಲ ತಿರುವಿದವರು ಮುಂದೆ ಹೋಗುತ್ತಾರೆ. ಇಂಟರ್ನ್‌ಶಿಪ್‌ನಲ್ಲಿ 'ಕೆಲಸ ಕಲಿಯೋದು ಆಮೇಲೆ, ಮೊದಲು ಸೀಟು' ಎಂಬ ಲೆಕ್ಕಾಚಾರ ಶುರುವಾಗುವುದು ಇದರಿಂದಲೇ. ಅದರ ನಷ್ಟ ರೋಗಿಗೆ.

2024ರಲ್ಲಿ ಈ ಪರೀಕ್ಷೆ ಜೂನ್ 23ಕ್ಕೆ ನಿಗದಿಯಾಗಿ, ಹಿಂದಿನ ರಾತ್ರಿ ಮುಂದೂಡಿಕೆಯಾಯಿತು. ಬೇರೆ ಊರಿನ ಸೆಂಟರಿಗೆ ಹೋಗಿ ಲಾಡ್ಜ್ ಹಿಡಿದಿದ್ದವರು ಮರುದಿನ ಅದೇ ಚೀಲ ಹೊತ್ತು ವಾಪಸಾದರು. ಪರೀಕ್ಷೆ ನಡೆದದ್ದು ಆಗಸ್ಟ್ 11ಕ್ಕೆ. ಮರುವರ್ಷ ಜೂನ್ 15ರದು ಆಗಸ್ಟ್ 3ಕ್ಕೆ ಹೋಯಿತು. ಪ್ರತಿ ಸಲವೂ ಕೆಲಸ ಬಿಟ್ಟು ಓದುವವರ ಇನ್ನಷ್ಟು ವಾರಗಳು ಸಂಬಳವಿಲ್ಲದೆ ಕಳೆದವು. ಇದರ ಮಗ್ಗುಲಲ್ಲೇ ಇನ್ನೊಂದು ಚೋದ್ಯ: 2023ರಲ್ಲಿ ಸೀಟು ತುಂಬದೆ ಕಟ್-ಆಫನ್ನು ಶೂನ್ಯ ಪರ್ಸೆಂಟೈಲಿಗೆ ಇಳಿಸಿದರು. ಸೀಟಿಗಾಗಿ ಲಕ್ಷಾಂತರ ಮಂದಿ ಕಾಯುತ್ತಿರುವ ದೇಶದಲ್ಲೇ ಸೀಟುಗಳು ಖಾಲಿ. ಖಾಲಿ ಉಳಿದವುಗಳಲ್ಲಿ ಹೆಚ್ಚಿನವು ರೋಗಿಗಳ ಸಂಪರ್ಕವಿಲ್ಲದ ವಿಷಯಗಳು, ಇಲ್ಲವೇ ಫೀ ಕೇಳಿಯೇ ಹಿಂದೆ ಸರಿಯುವಂಥವು.

ಇಬ್ರಾಹಿಂಪುರದ ಹಳಿಯೇ ಮುಂದೆ ಹೋಗಿ ಮುಟ್ಟುವ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸ್ ಕೂಡ ಮುಂಬೈಯಲ್ಲಿ ಡಿಗ್ರಿ ಮುಗಿಸಿ ಸ್ನಾತಕೋತ್ತರಕ್ಕೆ ಓದುತ್ತಿದ್ದಾಗಲೇ 1938ರಲ್ಲಿ ಚೀನಾಕ್ಕೆ ಹೊರಟ ವೈದ್ಯರ ತಂಡ ಸೇರಿಕೊಂಡರು. ಅಲ್ಲೇ ಯುದ್ಧದ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತ 32ರ ಹರೆಯದಲ್ಲಿ ತೀರಿಕೊಂಡರು. ಪ್ರತಿ ವೈದ್ಯರ ದಿನಾಚರಣೆಯ ಭಾಷಣದಲ್ಲೂ ಅವರ ಹೆಸರು ಬರುತ್ತದೆ. ತ್ಯಾಗಿಗಳನ್ನು ನೆನೆಯುವುದು ಸುಲಭ, ಕ್ವಾರ್ಟರ್ಸ್ ಕಟ್ಟಿಸುವುದಕ್ಕೆ ಟೆಂಡರ್ ಕರೆಯಬೇಕಾಗುತ್ತದೆ.

ಎಂಬಿಬಿಎಸ್ ವೈದ್ಯರೇ ಊರಿನ ಮುಖ್ಯ ವೈದ್ಯರಾಗಿರಬೇಕು ಎಂಬುದು 1946ರ ಭೋರ್ ಸಮಿತಿಯ ಕನಸಾಗಿತ್ತು. ಅದಕ್ಕಾಗಿಯೇ ಎಲ್‌ಸಿಪಿಎಸ್, ಎಲ್‌ಎಂಪಿಯಂಥ ಸಣ್ಣ ಡಿಪ್ಲೊಮಾಗಳು ಬೇಡ, ಎಲ್ಲರಿಗೂ ಒಂದೇ ಗಟ್ಟಿ ಪದವಿ ಸಾಕು ಎಂದಿತು. 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿದ್ದ ಬಿಜಾಪುರದ, ಅಂದರೆ ಈಗಿನ ವಿಜಯಪುರದ, ಹಳೆಯ ತಲೆಮಾರಿಗೆ ಎಲ್‌ಸಿಪಿಎಸ್ ಡಾಕ್ಟರರ ಬೋರ್ಡು ಪರಿಚಿತ. ಆ ಸಣ್ಣ ಪದವಿ ಹೋಯಿತು. ಅದರ ಜಾಗಕ್ಕೆ ಬಂದ ದೊಡ್ಡ ಪದವಿ ಈಗ ತಾನೇ ಸಣ್ಣದಾಗಿ ಕೂತಿದೆ. ಎಂಬಿಬಿಎಸ್‌ನವರ ಕೈಗೆ ಇನ್ನಷ್ಟು ಕಸುಬು ಕೊಟ್ಟು ಊರಲ್ಲೇ ಗೌರವದಿಂದ ನಿಲ್ಲಿಸಬಲ್ಲ ಫ್ಯಾಮಿಲಿ ಮೆಡಿಸಿನ್ ಎಂಡಿ ಸೀಟುಗಳು ಇಂದಿಗೂ ಬೆರಳೆಣಿಕೆಯವು.

ಸರ್ಕಾರಿ ಸೇವೆಯಲ್ಲಿ ಕೆಲ ವರ್ಷ ದುಡಿದವರಿಗೆ ಪಿಜಿಯಲ್ಲಿ ಇನ್-ಸರ್ವಿಸ್ ಕೋಟಾ ಇದೆ. ನನ್ನನ್ನು ಕೇಳಿದರೆ ಇಡೀ ವ್ಯವಸ್ಥೆಯಲ್ಲಿ ಯುವ ವೈದ್ಯರನ್ನು ಹಳ್ಳಿಯತ್ತ ತಿರುಗಿಸುವ ಬುದ್ಧಿವಂತ ಏಣಿ ಇದೊಂದೇ: ಬೆದರಿಕೆಯಿಲ್ಲ, ದುಡಿದದ್ದಕ್ಕೆ ಬೆಲೆಯಿದೆ. ಆದರೆ ಅದನ್ನು ಹತ್ತಲು ಕಾಯಂ ನೇಮಕಾತಿ ಆಗಬೇಕು. ಅದು ವರ್ಷಗಟ್ಟಲೆ ಆಗುವುದಿಲ್ಲ, ಗುತ್ತಿಗೆಯವರಿಗೆ ಆ ಏಣಿ ಇಲ್ಲ. ಹಾಗಾಗಿ ಹುಡುಗರು ಸೊಲ್ಲಾಪುರ, ಪುಣೆ, ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಡ್ಯೂಟಿ ಡಾಕ್ಟರ್ ಆಗಿ ರಾತ್ರಿ ಪಾಳಿ ಹಿಡಿಯುತ್ತಾರೆ, ಹಗಲು ಓದುತ್ತಾರೆ. ಕೆಲವರು ಇಂಗ್ಲೆಂಡಿನ ಪ್ಲ್ಯಾಬ್ ಪರೀಕ್ಷೆ ಕಟ್ಟುತ್ತಾರೆ.

ಕಡ್ಡಾಯ ಸೇವೆಯ ಕೌನ್ಸೆಲಿಂಗ್ ಆನ್‌ಲೈನ್‌ನಲ್ಲಿ ನಡೆಯುತ್ತದೆ. ಖಾಲಿ ಇರುವ ಜಾಗಗಳ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿರುವುದು ಕೇಂದ್ರದ ಹೆಸರು, ತಾಲ್ಲೂಕು, ಹುದ್ದೆ. ರಾತ್ರಿ ಸ್ಟಾಫ್ ನರ್ಸ್ ಇರುತ್ತಾರೋ, ಕ್ವಾರ್ಟರ್ಸ್‌ನಲ್ಲಿ ನೀರು ಬರುತ್ತದೋ, ಬಾಗಿಲು ಭದ್ರವೋ, ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂದು ಮುಟ್ಟುತ್ತದೆ, ಎಎಸ್‌ವಿ ಸ್ಟಾಕ್ ಇದೆಯೋ, ಹತ್ತಿರದಲ್ಲಿ ಇನ್ನೊಬ್ಬ ಡಾಕ್ಟರ್ ಯಾರು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ. ಅದನ್ನೆಲ್ಲ ಹಿಂದಿನ ವರ್ಷ ಅಲ್ಲಿದ್ದು ಬಂದ ಸೀನಿಯರ್‌ಗೆ ಫೋನ್ ಹಚ್ಚಿ ಕೇಳಬೇಕು. ಸೀನಿಯರ್ ಫೋನ್ ಎತ್ತದಿದ್ದರೆ ಹೆಸರು ನೋಡಿ ಕ್ಲಿಕ್ ಮಾಡಬೇಕು.